ಒಂದು ಗೂಡು ತೆರೆದಿರಲಿ

ಫೆಬ್ರವರಿ 9, ಭಾನುವಾರ

ಬರೆಯುವುದಕ್ಕೆ ದೊಡ್ಡ ಕಾರಣವೇನಿಲ್ಲ. ಹಾಲು ಕುಡಿಸುವಾಗ ಒಂದು ಕೈ ಬಿಡುವಾಗಿರುತ್ತದೆ, ನಿದ್ದೆಯಂತೂ ಹತ್ತಿರ ಸುಳಿಯುವುದಿಲ್ಲ. ಅಗಾತ್‌ಗೆ ನಾಲ್ಕು ತಿಂಗಳು ತುಂಬಿತು. ಅವಳು ಹುಟ್ಟಿದ ಮೇಲೆ ನಾನು ಕನಸು ಬೀಳುವಷ್ಟು ಹೊತ್ತು ಮಲಗಿದ ನೆನಪಿಲ್ಲ.

ಗುರುವಾರ ಅವಳಪ್ಪ ಜೆರೆಮಿಗೆ ಹೋಗು ಎಂದೆ. ಅಡುಗೆಮನೆಯಲ್ಲಿ, ಮಗುವಿನ ಒದ್ದೆ ಬಟ್ಟೆಯ ರಾಶಿ ಹಿಡಿದುಕೊಂಡು, “ನೀನು ಈ ಮನೇಲಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಹೋಗು” ಎಂದೆ. ಅವನು ನನ್ನ ಮುಖ ನೋಡಿ “ಸರಿ” ಎಂದ. ಏಳು ವರ್ಷ ಜೊತೆಗಿದ್ದವನು ಜಗಳಕ್ಕಾದರೂ ನಿಲ್ಲಬೇಕಿತ್ತು. ಅವನ ರಿಪೇರಿ ಅಂಗಡಿಯಲ್ಲಿ ಯಾರಾದರೂ ಈ ಸೈಕಲ್ ಬೇಡ ಎಂದರೆ ಸರಿ ಎನ್ನುತ್ತಾನಲ್ಲ, ಅದೇ ದನಿ.

ಆದರೆ ಹೋಗುವುದೆಲ್ಲಿಗೆ? ಈ ಊರಿನಲ್ಲಿ ಬಾಡಿಗೆ ಕರಾರುಗಳೆಲ್ಲ ಜೂನ್ ಕೊನೆಗೆ ಮುಗಿಯುತ್ತವೆ, ಜುಲೈ ಒಂದಕ್ಕೆ ಇಡೀ ಮಾಂಟ್ರಿಯಾಲ್ ಗಂಟುಮೂಟೆ ಕಟ್ಟಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಹಿಮದಲ್ಲಿ ಮನೆ ಹುಡುಕಿದರೆ ಸಿಗುವುದು ನೆಲಮಾಳಿಗೆ, ಇಲ್ಲವೇ ಗೆಳೆಯರ ಸೋಫಾ. ಪ್ರೀತಿ ಯಾವ ತಿಂಗಳಲ್ಲಿ ಮುಗಿದರೂ ಬಾಡಿಗೆ ಮುಗಿಯುವುದು ಜೂನ್‌ನಲ್ಲೇ. ಹೀಗೆ ಒಂದೇ ಸೂರಿನಡಿ ಬೆನ್ನು ತಿರುಗಿಸಿಕೊಂಡು ಬೇಸಿಗೆಗೆ ಕಾಯುವ ಜೋಡಿಗಳನ್ನು ನೋಡಿ ನಾನು ನಗುತ್ತಿದ್ದೆ. ಈಗ ನನ್ನ ಸರದಿ. ಇರಲಿ.

ನಮ್ಮದು ಮೂರೂವರೆ ಕೋಣೆಯ ಮನೆ, ಆ ಅರ್ಧವೆಂದರೆ ಬಚ್ಚಲು. ಮುಂದಿನ ಕೋಣೆ, ಹಿಂದಿನ ಕೋಣೆ, ಅಡುಗೆಮನೆ. ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಬಾಗಿಲಿಲ್ಲ, ಅಗಲವಾದ ಒಂದು ಕಮಾನು. ಬೀದಿಯ ಕಿಟಕಿ ಮುಂದಿನದಕ್ಕೆ ಮಾತ್ರ. ಹಿಂದಿನದಕ್ಕೆ ಬೆಳಕು, ಗಾಳಿ ಎಲ್ಲ ಕಮಾನಿನ ಮೂಲಕವೇ ಬರಬೇಕು. ಪ್ಯಾಸೇಜಿನ ಕಡೆ ಒಂದು ಸಣ್ಣ ಬಾಗಿಲಿದೆ. ತೀರ್ಮಾನವಾದದ್ದು ಇಷ್ಟು: ಜುಲೈವರೆಗೆ ಅವನು ಮುಂದೆ ಸೋಫಾದ ಮೇಲೆ, ನಾನು ಮತ್ತು ಅಗಾತ್ ಹಿಂದೆ. ಕಮಾನಿಗೆ ಅಡ್ಡಲಾಗಿ ಗೂಡುಗಳ ಕಪಾಟು.

“ಕಿಟಕಿ ನೀವಿಬ್ರೂ ತಗೊಳ್ಳಿ, ನಾನು ಹಿಂದೆ ಇರ್ತೀನಿ” ಎಂದ ಜೆರೆಮಿ.

ಬೇಡ ಎಂದೆ. ಬೀದಿಯಲ್ಲಿ ಹಿಮ ತೆಗೆಯುವ ಯಂತ್ರ ಬರುವ ಮುಂಚೆ ನಿಂತ ಕಾರುಗಳನ್ನು ತೆಗೆಯಿರೆಂದು ಊದುವ ಸೈರನ್ ಸತ್ತವರನ್ನೂ ಎಬ್ಬಿಸುತ್ತದೆ. ಅವಳಿಗೆ ಕತ್ತಲೆಯೇ ಒಳ್ಳೆಯದು.

ಫೆಬ್ರವರಿ 15, ಶನಿವಾರ

ಕಪಾಟು ಬಂತು. ಎರಡು ಕಪಾಟು, ಒಂದೊಂದರಲ್ಲೂ ನಾಲ್ಕು ಸಾಲು, ಎಂಟು ಗೂಡು, ಪಕ್ಕಪಕ್ಕ ಇಟ್ಟರೆ ಹದಿನಾರು. ಬೆನ್ನಿಗೆ ಹಲಗೆಯಿಲ್ಲ, ಎರಡೂ ಕಡೆ ತೆರೆದದ್ದು. ಜೆರೆಮಿಯ ಅಂಗಡಿಯ ಯಾರದ್ದೋ ಹಳೆಯದು. ಹೊರಗಿನ ತಿರುಪು ಮೆಟ್ಟಿಲ ಮೇಲೆ ಮಂಜುಗಡ್ಡೆ. ಒಂದೊಂದನ್ನೇ ಬೆನ್ನಿಗೆ ಕಟ್ಟಿಕೊಂಡು ಹತ್ತಿಸಿದ, ಈ ಊರಿನವರ ಹಾಗೆ ಚರ್ಚಿನ ಪೂಜಾ ಸಾಮಾನಿನ ಹೆಸರುಗಳನ್ನೆಲ್ಲ ಬೈಗುಳ ಮಾಡಿಕೊಂಡು. ನಮ್ಮ ಅಜ್ಜಂದಿರು ಚರ್ಚಿನಿಂದ ಉಳಿಸಿಕೊಂಡದ್ದು ಇಷ್ಟೇ.

ಕಮಾನಿಗೆ ಹಿಡಿದರೆ ಕೂರುವುದಿಲ್ಲ. ಮೇಲೆ ಜಾಗ ಸಾಕಾಗುತ್ತದೆ. ಕೆಳಗೆ ಗೋಡೆಯ ಬುಡಕ್ಕೆ ಹೊಡೆದ ಹಳೆಯ ಮರದ ಪಟ್ಟಿ ಎರಡೂ ಕಡೆ ಹೊಟ್ಟೆ ಮುಂದೆ ಮಾಡಿ ನಿಂತಿದೆ. ಸಾಲದ್ದಕ್ಕೆ ನೆಲ ಬೀದಿಯ ಕಡೆ ವಾಲಿದೆ. ಈ ಸಾಲಿನ ಮನೆಗಳೆಲ್ಲ ಹಾಗೆಯೇ, ಕೆಳಗೆ ಜೇಡಿಮಣ್ಣು. ಬಟಾಣಿ ಬಿದ್ದರೆ ಕಿಟಕಿಯವರೆಗೆ ತಾನೇ ಉರುಳಿಕೊಂಡು ಹೋಗುತ್ತದೆ. ಕಪಾಟು ನಿಲ್ಲಿಸಿದರೆ ಅವನ ಕಡೆ ಬಾಗುತ್ತದೆ.

ಅದು ಅಗಾತ್‌ಳ ಮೇಲೆ ಬಿದ್ದರೆ? ಮಕ್ಕಳ ಮೇಲೆ ಕಪಾಟು ಬಿದ್ದ ಸುದ್ದಿಗಳನ್ನು ಹಾಲು ಕುಡಿಸುತ್ತಾ ಫೋನಿನಲ್ಲಿ ಓದಿದೆ. ಓದಬಾರದಿತ್ತು. ಅವನ ಕಡೆಗೇ ತಾನೇ ವಾಲುವುದು ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ಫೆಬ್ರವರಿ 16, ಭಾನುವಾರ

ನಾನೇ ಗರಗಸ ಹಿಡಿದೆ. ಪಟ್ಟಿಯ ಅಳತೆಗೆ ಕಪಾಟಿನ ಬುಡದಲ್ಲಿ ಒಂದು ಕಚ್ಚು ಕತ್ತರಿಸಿದರೆ ಗೋಡೆಗೆ ಅಂಟಿ ಕೂರುತ್ತದೆ, ಸರಳ ಲೆಕ್ಕ. ಹತ್ತು ವರ್ಷ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವಳಿಗೆ ಅಳೆಯುವುದು ಬರುತ್ತದೆ. ಹೆಬ್ಬೆರಳು ದಪ್ಪದ ಹಲಗೆ, ಗಟ್ಟಿ ಮರ ಎಂದುಕೊಂಡಿದ್ದೆ. ಗರಗಸ ಬೆಣ್ಣೆಗೆ ಹೋದಂತೆ ಹೋಯಿತು. ತುಂಡು ಕೆಳಗೆ ಬಿತ್ತು. ಒಳಗೆ ಮರವೇ ಇಲ್ಲ, ಜೇನುಹುಟ್ಟಿನ ಹಾಗೆ ಮಡಚಿದ ಕಂದು ಕಾಗದ. ಎರಡು ತೆಳ್ಳನೆ ಹಾಳೆಗಳ ನಡುವೆ ಬರೀ ಕಾಗದ ಮತ್ತು ಗಾಳಿ.

ಜೆರೆಮಿ ಬಂದು ನೋಡಿದ. ಬಗ್ಗಿ ಒಳಗೆ ಊದಿದ. ಹೊಟ್ಟು ನನ್ನ ಮುಖಕ್ಕೆ ಹಾರಿತು. “ಎದೆ ಸೀಳಿ ನೋಡ್ಬಾರ್ದಿತ್ತು ಕಣೇ, ಪಾಪ” ಎಂದ. ನನಗೆ ನಗು ಬಂತು. ಅವನಿಗೂ. ಇಬ್ಬರೂ ನೆಲದ ಮೇಲೆ ಕೂತು ಅಗಾತ್ ಎದ್ದಾಳೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಆಮೇಲೆ ನಗು ನಿಂತಿತು. ಎಲ್ಲಿ ನೋಡಬೇಕೆಂದು ಗೊತ್ತಾಗಲಿಲ್ಲ.

ಚಳಿಗಾಲದಲ್ಲಿ ಅವನ ಅಂಗಡಿಯಲ್ಲಿ ಸ್ಕೇಟ್ ಹರಿತ ಮಾಡುತ್ತಾರೆ. ಮುರಿದ ಹಾಕಿ ಕೋಲುಗಳು ಅಲ್ಲಿ ಸೌದೆಯ ಹಾಗೆ ಬಿದ್ದಿರುತ್ತವೆ. ಹೋಗಿ ಒಂದು ಕಟ್ಟು ತಂದ. ತುಂಡು ಮಾಡಿ, ಕಾಗದ ಕಿತ್ತು, ಅಂಟು ಸವರಿ ಟೊಳ್ಳಿನೊಳಗೆ ತುಂಬಿದ. ಉಳಿದ ತುಂಡುಗಳನ್ನು ಚೂಪು ಮಾಡಿ ನೆಲ ವಾಲಿದ ಕಡೆ ಬೆಣೆ ಕೊಟ್ಟ. ಕಪಾಟು ನೆಟ್ಟಗೆ ನಿಂತಿತು. ಮೇಲೆ ಗೋಡೆಗೆ ಕಬ್ಬಿಣದ ಪಟ್ಟಿ ಹೊಡೆಸಿದೆ. ಅಲುಗಿಸಿ ನೋಡಿದೆ, ಅಲುಗಲಿಲ್ಲ.

ತನ್ನ ಕಡೆಗೆ ಹೋಗುವ ಮುಂಚೆ ಕೈ ಒರೆಸಿಕೊಳ್ಳುತ್ತಾ ಹೇಳಿದ: “ಒಂದು ಗೂಡು ತೆರೆದಿರ್ಲಿ, ಒಡೀಲ್. ತೊಟ್ಟಿಲ ಪಕ್ಕದ್ದು, ಕೆಳಗಿಂದ ಎರಡನೇದು. ನಾನು ಸೋಫಾ ಮೇಲಿಂದ ನೋಡಿದ್ರೆ ಅವಳ ಮುಖ ಕಾಣ್ಬೇಕು. ಮಿಕ್ಕಿದ್ದಕ್ಕೆಲ್ಲ ನೀನು ಏನ್ ಬೇಕಾದ್ರೂ ತುಂಬ್ಕೋ.”

ಆಗಲಿ ಎಂದೆ. ಅಷ್ಟೂ ಕೊಡದಷ್ಟು ಕೆಟ್ಟವಳಲ್ಲ ನಾನು.

ಮಾರ್ಚ್ 4, ಮಂಗಳವಾರ

ಸೈರನ್. ಸೈರನ್. ಮೇಲಿನ ಸಾಲಿಗೆ ಚಳಿಗಾಲದ ಬಟ್ಟೆಯ ಪೆಟ್ಟಿಗೆ ತುಂಬಿದೆ. ಸದ್ದು ಸ್ವಲ್ಪ ಕಡಿಮೆಯಾದಂತಿದೆ. ಇಲ್ಲವೇ ನನಗೆ ಹಾಗನ್ನಿಸುತ್ತಿದೆ.

ಮಾರ್ಚ್ 16, ಭಾನುವಾರ

ಜೆರೆಮಿಯ ಅಮ್ಮ ಗಿನೆಟ್ ಬಂದಿದ್ದರು. ಹೊಸ ಮೇಪಲ್ ಪಾಕದ ಡಬ್ಬಿ, ಒಂದು ಪಾತ್ರೆ ಬಟಾಣಿ ಸೂಪು. ಕೋಟು ಬಿಚ್ಚುವ ಮೊದಲೇ ಕಪಾಟು ನೋಡಿ ಸೊಂಟದ ಮೇಲೆ ಕೈ ಇಟ್ಟರು.

“ಅಯ್ಯೋ ದೇವ್ರೇ, ಚರ್ಚಲ್ಲಿ ಪಾಪನಿವೇದನೆ ಮಾಡೋ ಗೂಡು ಕಟ್ಟಿಟ್ಟಿದ್ದೀರಲ್ಲೋ!”

ಮಂಡಿನೋವು ಎನ್ನುವವರು ಮಗನ ಕಡೆಯಿಂದ ಆ ತೆರೆದ ಗೂಡಿನ ಮುಂದೆ ಮಂಡಿಯೂರಿಯೇಬಿಟ್ಟರು. “ಸ್ವಾಮೀ, ನಾನು ಪಾಪ ಮಾಡಿದ್ದೀನಿ. ಉಪವಾಸದ ಶುಕ್ರವಾರ ಎರಡು ಡೋನಟ್ ತಿಂದೆ. ಒಂದು ಕ್ರೀಮಿಂದು.” ತೊಟ್ಟಿಲ ಕಂಬಿಯ ಸಂದಿನಿಂದ ಅಗಾತ್ ಅವರನ್ನೇ ನೋಡುತ್ತಿದ್ದಳು. ಒಮ್ಮೆಲೇ ಗಟ್ಟಿಯಾಗಿ ನಕ್ಕಳು. ದನಿ ಬರುವ ನಗು, ಮೊದಲ ಸಲ. ಜೆರೆಮಿ ಓಡಿ ಬಂದು ಅಮ್ಮನ ಪಕ್ಕ ಮಂಡಿಯೂರಿದ. ಇಬ್ಬರೂ ಆ ಕಡೆ. ನಾನೊಬ್ಬಳೇ ಈ ಕಡೆ, ಅವಳ ಬೆನ್ನ ಹಿಂದೆ. ನನಗೆ ಕಂಡದ್ದು ಅವಳ ತಲೆಯ ಹಿಂಭಾಗ.

ಅಡುಗೆಮನೆಯಲ್ಲಿ ಸೂಪು ಬಿಸಿ ಮಾಡುತ್ತಾ ಗಿನೆಟ್ ದನಿ ತಗ್ಗಿಸಿದರು. “ನಿಮ್ಮ ಕಾಲದೋರು ಪುಣ್ಯವಂತರಮ್ಮ. ಮಗು ಮಾಡ್ಕೊಳ್ಳೋಕೆ ಮದ್ವೆ ಬೇಡ, ಬಿಟ್ಟು ಹೋಗೋಕೆ ವಕೀಲ ಬೇಡ. ಒಂದು ಕಪಾಟಿದ್ರೆ ಆಯ್ತು.”

“ನಿಮ್ಮ ಮಗನೇ ಸರಿ ಅಂದಿದ್ದು, ಗಿನೆಟ್.”

“ಅವನ ಅಪ್ಪನೂ ಹಾಗೇ. ಮನೆ ಹೊತ್ತಿ ಉರೀತಿದೆ ಅಂದ್ರೂ ಸರಿ ಅನ್ನೋನು. ಒಳಗೆ ಏನಿದೆ ಅಂತ ನಾವೇ ಕೆದಕ್ಬೇಕಿತ್ತು.” ಸೌಟು ಕುಟ್ಟಿದರು. “ಜುಲೈ ಆದ್ಮೇಲೆ ಒಂದೊಂದು ವಾರ ಹಂಚ್ಕೊಳ್ತೀರಂತೆ ಮಗೂನ? ಜೆರೆಮಿ ಅಂದ. ಒಳ್ಳೇದು. ನಂಗೂ ಒಂದಿಷ್ಟು ದಿನ ಸಿಗತ್ತೆ.”

ಸೂಪು ಸೀದಿತು. ಹಂಚಿಕೊಳ್ಳುತ್ತೇವಂತೆ. ನನ್ನ ಮಗು ವಾರಗಟ್ಟಲೆ ನನ್ನಿಂದ ದೂರ ಇರುತ್ತದೆಂಬುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತು.

ಸಂಜೆ ಮೇಲಿಂದ ಎರಡನೇ ಸಾಲನ್ನೂ ತುಂಬಿದೆ. ಅವನ ದೀಪದ ಬೆಳಕು ಅವಳ ಕಣ್ಣಿಗೆ ಹೊಡೆಯುತ್ತದೆ.

ಏಪ್ರಿಲ್ 3, ಗುರುವಾರ

ನಿದ್ದೆ ಇಲ್ಲ. ಮೊಲೆ ಒಡೆದಿದೆ. ಕಪಾಟಿನ ಆಚೆಯಿಂದ ಗೊರಕೆ. ಸದ್ದು ತಡೆಯುವುದಕ್ಕೆ ಈ ಕಡೆಯಿಂದ ತೆಳು ಹಲಗೆ ಹೊಡೆದರೆ ಹೇಗೆ?

ಏಪ್ರಿಲ್ 20, ಈಸ್ಟರ್

ಹಲಗೆ ಹೊಡೆದದ್ದು ಒಳ್ಳೆಯದಾಯಿತು. ನಾಲ್ಕು ಸಾಲಿಗೂ ಬೆನ್ನಿಗೆ ಹಲಗೆ, ಕೆಳಗಿಂದ ಎರಡನೆಯ ಸಾಲಿನಲ್ಲಿ ಮಾತ್ರ ಅವನ ಒಂದು ಗೂಡು ಬಿಟ್ಟಿದ್ದೇನೆ. ಧೂಳು ಬರುವುದಿಲ್ಲ, ಬೆಳಕು ಸೋರುವುದಿಲ್ಲ. ಸ್ಕ್ರೂ ಕಾಗದದ ಟೊಳ್ಳಿಗೆ ಹೋದರೆ ಹಿಡಿಯುವುದಿಲ್ಲ, ಅಂಚಿನ ಗಟ್ಟಿ ಜಾಗ ಹುಡುಕಿ ಹೊಡೆಯಬೇಕು. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಈಗ ನಾನು ಯಾವುದನ್ನು ಮುಟ್ಟಿದರೂ ತಟ್ಟಿ ನೋಡುತ್ತೇನೆ.

ಮಧ್ಯಾಹ್ನ ಜೆರೆಮಿ ಗೂಡಿನೊಳಗೆ ಕೈ ತೂರಿಸಿ ಅಗಾತ್‌ಗೆ ಬೆರಳು ಕೊಟ್ಟಿದ್ದ. ಅವಳು ಹಿಡಿದುಕೊಂಡು ಬಿಡಲೊಲ್ಲಳು. ಸೋಫಾದ ಮೇಲೆ ಹಾಗೇ ಮಲಗಿದ್ದುಕೊಂಡೇ ಮಾತು ತೆಗೆದ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು.

“ವೆರ್ದನ್‌ನಲ್ಲಿ ಮನೆ ಸಿಕ್ತು. ಜುಲೈ ಒಂದಕ್ಕೆ. ಅವಳಿಗೊಂದು ಕೋಣೆ ಇದೆ, ಕಿಟಕಿ ಇದೆ. ನೀನು ಇಲ್ಲೇ ಇರು. ವಾರ ನಿಂಗೆ, ವಾರ ನಂಗೆ.”

“ಹಾಲು ಯಾರು ಕುಡಿಸ್ತಾರೆ, ನೀನಾ?”

“ಆಗ ಒಂಬತ್ತು ತಿಂಗಳಾಗತ್ತೆ. ಅನ್ನ ಗಿನ್ನ ತಿನ್ನತ್ತೆ. ಬಾಟ್ಲಿ ಇದೆ.”

“ಎದ್ದು ಅತ್ರೆ ನಿಂಗೆ ಎಚ್ಚರ ಆಗಲ್ಲ. ಇಡೀ ಚಳಿಗಾಲ ಗೊರಕೆ ಹೊಡ್ದೆ.”

“ನಾನು ಎದ್ದಾಗೆಲ್ಲ ನೀನು ಮೊದ್ಲೇ ಎತ್ಕೊಂಡಿರ್ತಿದ್ದೆ. ಬಂದ್ರೆ ‘ಹೋಗಿ ಮಲ್ಕೋ, ನಿಂಗೇನು ಗೊತ್ತು’ ಅಂತಿದ್ದೆ. ಹೋಗಿ ಮಲ್ಕೊಂಡೆ.”

ಹೀಗೆ ಹೇಳುವವನ ಕೈಯನ್ನು ನನ್ನ ಮಗು ಹಿಡಿದುಕೊಂಡಿತ್ತು. “ವಾರ ಆಗಲ್ಲ” ಎಂದೆ. “ಎಷ್ಟಾಗತ್ತೆ ಹೇಳು” ಎಂದ. ಅವಳ ಬೆರಳು ಬಿಡಿಸಿ ಎತ್ತಿಕೊಂಡೆ.

ಮೇ 11, ಭಾನುವಾರ

ತಾಯಂದಿರ ದಿನವಂತೆ. ಬೆಳಿಗ್ಗೆ ಗೂಡಿನಲ್ಲಿ ಒಂದು ತಟ್ಟೆ ಇತ್ತು, ಮೊಟ್ಟೆ, ಬ್ರೆಡ್ಡು, ಪಾಕ. ತಣ್ಣಗಾಗುವವರೆಗೆ ಮುಟ್ಟಲಿಲ್ಲ, ಆಮೇಲೆ ಹಸಿವಾಗಿ ತಿಂದೆ.

ಅಗಾತ್ ಈಗ ಕೂರುತ್ತಾಳೆ. ಅಪ್ಪನ ದನಿ ಕೇಳಿದರೆ ಆ ಕಡೆ ವಾಲುತ್ತಾಳೆ. ಇವತ್ತು ಅವನು ಕೈ ತೂರಿಸಿದ, ಇವಳು ಎರಡೂ ಕೈ ಚಾಚಿ ಮುಂದಕ್ಕೆ ಬಿದ್ದಳು, ಹಣೆ ಬಡಿಯಿತು. ಎಂಥ ಕಿರುಚು! ಹಣೆಯ ಮೇಲೆ ಕೆಂಪು ಗೆರೆ. ನಾನು ಎತ್ತಿಕೊಂಡು, ಸಮಾಧಾನ ಮಾಡಿ, ಮಲಗಿಸಿ, ಉಳಿದಿದ್ದ ಹಲಗೆಯ ತುಂಡು ತಂದು ಆ ಗೂಡಿಗೂ ಹೊಡೆದೆ.

“ಒಡೀಲ್, ಒಂದು ಗೂಡು ಅಂದಿದ್ದೆ.”

“ಹಣೆ ನೋಡು ಹೋಗು.”

“ನೋಡೋಕೆ ಎಲ್ಲಿ ಬಿಟ್ಟೆ?” ಎಂದ. “ಬಡಿದಿದ್ದು ತೊಟ್ಟಿಲ ಕಂಬಿಗೆ. ಗೂಡಿಗಲ್ಲ.”

“ಗೂಡು ಇಲ್ದಿದ್ರೆ ಬೀಳ್ತಾನೇ ಇರ್ಲಿಲ್ಲ.”

“ಸರಿ” ಎಂದ. ಬಾಯಿ ಮಾಡಿದ್ದರೆ ತೆಗೆಯುತ್ತಿದ್ದೆನೋ ಏನೋ. ತಾತ್ಕಾಲಿಕ ಎಂದು ಹೇಳಿದ್ದೇನೆ. ಅವಳು ತೆವಳುವ ಕಾಲ ಬಂದಾಗ ತೊಟ್ಟಿಲ ಜಾಗ ಬದಲಾಯಿಸಿದರಾಯಿತು.

ಮೇ 22, ಗುರುವಾರ

ಮಲಗುವ ಮುಂಚೆ ಹಲಗೆಯ ಮೇಲೆ ಮೆಲ್ಲಗೆ ತಟ್ಟುತ್ತಾನೆ. ಅವಳು ಕತ್ತು ತಿರುಗಿಸಿ ಹಲಗೆಯನ್ನೇ ನೋಡುತ್ತಾಳೆ, ಆಮೇಲೆ ನಿದ್ದೆ ಹೋಗುವುದಿಲ್ಲ. ತಟ್ಟಬೇಡ ಎಂದೆ. ಹಾಗಾದರೆ ಬಾಗಿಲಿನಿಂದ ಬರುತ್ತೇನೆ ಎಂದ. ಎರಡು ಸಂಜೆ ಬಂದ. ಅವನು ಎತ್ತಿಕೊಂಡು ಹೋದ ಮೇಲೆ ಅವಳಿಗೆ ಅಳು, ನನಗೆ ತಲೆಸಿಡಿತ.

ಪ್ಯಾಸೇಜಿನ ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿಸಿದೆ. ಮಲಗುವ ಹೊತ್ತಿಗೆ ಮಾತ್ರ. ಹಗಲು ಅಡುಗೆಮನೆಯಲ್ಲಿ ಎಷ್ಟು ಬೇಕಾದರೂ ಎತ್ತಿಕೊಳ್ಳಲಿ, ನಾನೇನು ಬೇಡ ಅಂದಿಲ್ಲ. ಹಗಲು ಅವನು ಅಂಗಡಿಯಲ್ಲಿರುತ್ತಾನೆ, ಅದಕ್ಕೆ ನಾನೇನು ಮಾಡಲಿ? ಬೇಸಿಗೆ ಬಂತೆಂದರೆ ಊರಿಗೆ ಊರೇ ಸೈಕಲ್ ಹಿಡಿದುಕೊಂಡು ಬರುತ್ತದೆ.

ಜೂನ್ 7, ಶನಿವಾರ

ಮಲಗಿದೆ! ಅಗಾತ್ ಮಲಗಿದಳು, ನಾನೂ ಮಲಗಿದೆ. ಎದ್ದಾಗ ದಿಂಬಿನ ಗೆರೆ ಕೆನ್ನೆಯಲ್ಲಿ ಅಚ್ಚೊತ್ತಿತ್ತು. ಕನ್ನಡಿಯಲ್ಲಿ ಅದನ್ನು ನೋಡಿ ಅಳು ಬಂತು.

ಕೋಣೆ ಕೊನೆಗೂ ಸರಿಯಾಯಿತು. ಕಮಾನಿನ ಬಾಗಿನಲ್ಲಿ ಉಳಿದಿದ್ದ ಸಂದಿಗೂ ಹಳೆಯ ಕಂಬಳಿ ಮಡಚಿ ತುರುಕಿದೆ. ಒಂದು ಗೆರೆ ಬೆಳಕಿಲ್ಲ, ಒಂದು ಹನಿ ಸದ್ದಿಲ್ಲ. ಹದಿನಾರು ಗೂಡಿನಲ್ಲಿ ಅವಳ ಬಟ್ಟೆ, ಅವಳ ಔಷಧಿ, ಅವಳ ಮುಂದಿನ ವರ್ಷದ ಬೂಟುಗಳು ಕೂಡ ಇವೆ. ಎಲ್ಲಕ್ಕೂ ಜಾಗವಿದೆ. ಇಷ್ಟು ಚಿಕ್ಕ ಜಾಗದಲ್ಲಿ ಇದಕ್ಕಿಂತ ಚೆನ್ನಾಗಿ ಯಾರು ಮಾಡುತ್ತಿದ್ದರು?

ವಾರ ವಾರದ ಮಾತು ಮತ್ತೆ ಬಂದರೆ ಇದನ್ನು ತೋರಿಸುತ್ತೇನೆ. ಅವಳು ಮಲಗುವುದು ಇಲ್ಲಿ ಮಾತ್ರ.

ಜೂನ್ 23, ಸೋಮವಾರ

 ಆದದ್ದನ್ನು ಆದ ಹಾಗೆ ಬರೆಯಬೇಕು. ನಾಳೆ ಅವನು ಬೇರೆ ರೀತಿ ಹೇಳಿದರೆ?

ಶನಿವಾರದಿಂದ ಬೇಗೆ. ನಾಳೆ ಸೇಂಟ್ ಜಾನ್ ಹಬ್ಬ, ಬೀದಿಯ ಕೊನೆಯಲ್ಲಿ ವೇದಿಕೆ ಕಟ್ಟಿ ಬೆಳಿಗ್ಗೆಯಿಂದ ಡ್ರಮ್ಮು ಪರೀಕ್ಷೆ ಮಾಡುತ್ತಿದ್ದರು. ಎರಡು ರಾತ್ರಿ ಸೆಕೆಗೆ ಇಬ್ಬರಿಗೂ ನಿದ್ದೆಯಿಲ್ಲ. ಮಧ್ಯಾಹ್ನ ಹಾಲು ಕುಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಕೊಂಡಿ ಹಾಕಿ, ಡ್ರಮ್ಮಿನ ಕಾಟಕ್ಕೆ ಕಿವಿಗೆ ಮೇಣ ಇಟ್ಟುಕೊಂಡು ಪಕ್ಕದಲ್ಲೇ ಉರುಳಿದೆ. ಫ್ಯಾನ್ ಹಾಕಿರಲಿಲ್ಲ, ಅದರ ವೈರು ತೊಟ್ಟಿಲಿಗೆ ಎಟುಕುತ್ತದೆ. ಅವಳು ಕೈಯಳತೆಯ ದೂರದಲ್ಲಿದ್ದಳು. ಮಿಸುಕಿದರೆ ಗೊತ್ತಾಗುತ್ತದೆ ಎಂದುಕೊಂಡೆ.

ಎಚ್ಚರವಾದಾಗ ಕೋಣೆಯಲ್ಲಿ ಬೆಳಕಿತ್ತು. ಆ ಕೋಣೆಯಲ್ಲಿ ಬೆಳಕಿರಬಾರದು. ತೊಟ್ಟಿಲು ಖಾಲಿ.

ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಬೆಳಕು ಬರುತ್ತಿದ್ದದ್ದು ಕಪಾಟಿನಿಂದ. ತೊಟ್ಟಿಲ ಕಂಬಿಗಿಂತ ಮೇಲಿನ ಸಾಲಿನ ಒಂದು ಗೂಡಿನ ಹಲಗೆ ಹೋಗಿ ದೊಡ್ಡ ಕಿಂಡಿಯಾಗಿತ್ತು. ಅದರಿಂದ ಇಣುಕಿದೆ. ಜೆರೆಮಿ ಕಿಟಕಿಯ ಕೆಳಗೆ ನೆಲದ ಮೇಲೆ ಮಲಗಿದ್ದ. ಎದೆಯ ಮೇಲೆ ಅಗಾತ್, ಬರೀ ಮೈ, ಬೆನ್ನಿಗೆ ಒದ್ದೆ ಬಟ್ಟೆ. ಕೆಂಪಗೆ ಬೆಂದ ಹಾಗಿದ್ದಳು, ಆದರೆ ಕಣ್ಣು ಬಿಟ್ಟಿದ್ದಳು.

ಕೊಂಡಿ ತೆಗೆದು, ಪ್ಯಾಸೇಜು ಸುತ್ತಿ ಓಡಿದೆ. “ಏನು ಮಾಡ್ದೆ ಅವಳಿಗೆ?” ಎಂದೆ. ಇದೇ ನನ್ನ ಮೊದಲ ಮಾತು.

“ಬೇಗ ಬಂದೆ ಅಂಗಡಿಯಿಂದ. ಅಳ್ತಿದ್ಲು. ಕರೆದೆ. ಬಾಗಿಲು ಬಡಿದೆ. ನೀನು ಏಳ್ಲಿಲ್ಲ.” ಅವಳ ಬೆನ್ನಿನ ಬಟ್ಟೆ ತಿರುವಿ ಹಾಕಿದ. “ಆಮೇಲೆ ಅವಳು ಅಳೋದು ನಿಲ್ಲಿಸಿದ್ಲು, ಒಡೀಲ್. ಅದಕ್ಕೇ ಮುರಿದೆ.”

ಪೆಟ್ಟಿಗೆಗಳನ್ನೆಲ್ಲ ಎಳೆದು ಬಿಸಾಡಿದ್ದಾನೆ. ಹಲಗೆಯ ಅಂಚಿಗೆ ಸೈಕಲ್ ಟೈರು ಬಿಚ್ಚುವ ಮೀಟು ತೂರಿಸಿ, ಚೂರು ಚೂರೇ ತನ್ನ ಕಡೆಗೆ ಕಿತ್ತಿದ್ದಾನೆ. ಒಳಗೆ ತಳ್ಳಿದ್ದರೆ ಸುಲಭವಾಗುತ್ತಿತ್ತು, ಆದರೆ ಅವಳ ಮೇಲೆ ಬೀಳುತ್ತಿತ್ತು. ಅವನ ಬೆರಳುಗಳಲ್ಲಿ ರಕ್ತ. ಆ ಕಿಂಡಿಯಿಂದ ಭುಜದವರೆಗೆ ಕೈ ಇಳಿಸಿ ಅವಳನ್ನು ಎತ್ತಿಕೊಂಡಿದ್ದಾನೆ.

ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದೆವು. ನರ್ಸ್ ಕೇಳಿದ್ದಕ್ಕೆಲ್ಲ ಅವನು ಉತ್ತರ ಹೇಳಿದ. ಉಚ್ಚೆ ಮಾಡಿದೆಯಾ, ಕಣ್ಣು ಬಿಟ್ಟಿದೆಯಾ, ಹಾಲು ಕುಡಿಯುತ್ತಾ. ಕುಡಿದಳು. ಅವನ ಕಡೆ, ಸೋಫಾದ ಮೇಲೆ ಕೂತು ಕುಡಿಸಿದೆ. “ಮಗು ಮಲಗುವ ಕೋಣೆಗೆ ಗಾಳಿ ಎಲ್ಲಿಂದ ಬರತ್ತೆ?” ಎಂದು ನರ್ಸ್ ಕೇಳಿದರು. ಜೆರೆಮಿ ನನ್ನ ಕಡೆ ನೋಡಿದ. ನಾನು ಹೇಳಬೇಕೆಂದು ಕಾದ.

“ಕಮಾನಿನಿಂದ” ಎಂದೆ.

ಜೂನ್ 25, ಬುಧವಾರ

ಅಗಾತ್ ಹುಷಾರಾಗಿದ್ದಾಳೆ. ಬೆವರುಸಾಲೆ ಬಿಟ್ಟರೆ ಏನೂ ಇಲ್ಲ. ಹೆಚ್ಚು ಸೆಕೆ, ಅಷ್ಟೇ. ಊರಿನಲ್ಲಿ ಎಷ್ಟು ಮಕ್ಕಳಿಗೆ ಆಗಿರುವುದಿಲ್ಲ.

ಗಿನೆಟ್ ಫೋನ್ ಮಾಡಿದರು. ಬೈಯುತ್ತಾರೆ ಎಂದು ಕಾದಿದ್ದೆ. ಬೈಯಲಿಲ್ಲ. “ನಿದ್ದೆ ಮಾಡ್ದೇನಮ್ಮಾ?” ಎಂದರು. ಬೈದಿದ್ದರೆ ತಿರುಗಿ ಅನ್ನಬಹುದಿತ್ತು.  ಫೋನ್ ಇಟ್ಟೆ.

ಸಂಜೆ ಜ್ಯೂಸು ಹಿಡಿದು ಬಂದು ಜೆರೆಮಿ ಅಡುಗೆಮನೆಯಲ್ಲಿ ಕೂತ. ಬೆರಳಿಗೆಲ್ಲ ಪಟ್ಟಿ.

“ನ್ಯಾಯಾಲಯಕ್ಕೆ ಹೋಗಲ್ಲ. ಸೋಮವಾರದ್ದು ಯಾರ ಹತ್ರಾನೂ ಹೇಳಲ್ಲ. ಆದ್ರೆ ಇನ್ಮೇಲೆ ನಿನ್ನ ಕೇಳ್ಕೊಂಡು ನಿಲ್ಲಲ್ಲ. ಶನಿವಾರದಿಂದ ಮಂಗಳವಾರ ನನ್ನ ಹತ್ರ. ಹಾಲು ತೆಗೆದಿಟ್ಟು ಕೊಡು. ಅವಳಿಗೆ ವರ್ಷ ತುಂಬಿದ್ಮೇಲೆ ವಾರ ವಾರ.”

ಐದು ತಿಂಗಳಲ್ಲಿ ಅವನು ಸರಿ ಎಂದು ಬಿಟ್ಟುಕೊಡದೆ ಆಡಿದ ಮೊದಲ ಮಾತು. ಇದನ್ನು ಫೆಬ್ರವರಿಯಲ್ಲಿ, ಇದೇ ಅಡುಗೆಮನೆಯಲ್ಲಿ, ಇದೇ ದನಿಯಲ್ಲಿ ಆಡಿದ್ದರೆ!

“ಸರಿ” ಎಂದೆ.

ಜುಲೈ 1, ಮಂಗಳವಾರ

ಬೀದಿಗೆ ಬೀದಿಯೇ ಹೊರಗೆ ಬಿದ್ದಿದೆ. ಹಾಸಿಗೆ, ಫ್ರಿಜ್ಜು, ಮೆಟ್ಟಿಲಿನಲ್ಲಿ ಸಿಕ್ಕಿಕೊಂಡ ಸೋಫಾ, ಅದರ ಕೆಳಗೆ ಸಿಕ್ಕಿಕೊಂಡ ಗಂಡಸರು, ಮೇಲೆ ನಿಂತು ಎಡಕ್ಕೆ ಬಲಕ್ಕೆ ಎನ್ನುವ ಹೆಂಗಸರು. ಜೆರೆಮಿಯ ಸಾಮಾನು ಒಂದು ಸಣ್ಣ ಟ್ರಕ್ಕಿಗೂ ತುಂಬಲಿಲ್ಲ. ನಮ್ಮ ಸೋಫಾ ಅವನಿಗೇ ಹೋಯಿತು.

“ಕಪಾಟು ಬೇಕಾ ನಿಂಗೆ?” ಎಂದ.

“ಬೇಡ. ನಿಂಗೆ?”

“ಬೇಡ.”

ಬಿಚ್ಚಲು ಹೋದರೆ ಬಿಚ್ಚಿಕೊಳ್ಳಲಿಲ್ಲ. ಅಂಟು ಹಾಕಿದ ಕಡೆಯೆಲ್ಲ ಹರಿಯಿತು. ಇಂಥ ಕಪಾಟನ್ನು ಒಮ್ಮೆ ಜೋಡಿಸಬಹುದು, ಎರಡನೇ ಸಲಕ್ಕೆ ಸ್ಕ್ರೂ ಕೂರುವ ಜಾಗವೇ ಇರುವುದಿಲ್ಲ. ಒಂದು ಪೂರ್ತಿ ಹಾಳಾಯಿತು, ಒಂದು ಉಳಿಯಿತು. ಉಳಿದದ್ದನ್ನು ಕೆಳಗೆ ಪಾದಚಾರಿ ದಾರಿಯ ಮೇಲೆ ಇಟ್ಟ. ಇನ್ನೂ ಮೆಟ್ಟಿಲು ಹತ್ತಿರಲಿಲ್ಲ, ಇಬ್ಬರು ಕಾಲೇಜಿನ ಹುಡುಗಿಯರು ಬಂದು ಮುಟ್ಟಿ ನೋಡತೊಡಗಿದರು. “ತಗೊಳ್ಬಹುದಾ? ಗಟ್ಟಿ ಇದೆಯಾ?” ಎಂದು ಅವನನ್ನು ಕೇಳಿದರು. ಅವನು ತಲೆಯೆತ್ತಿ ಬಾಲ್ಕನಿಯಲ್ಲಿದ್ದ ನನ್ನನ್ನು ನೋಡಿದ.

“ಗಟ್ಟಿ ಇದೆ” ಎಂದೆ ಮೇಲಿನಿಂದ. “ಐದು ತಿಂಗಳು ನಿಂತಿತ್ತು.”

ಹುಡುಗಿಯರು ನಕ್ಕರು. ಹೊತ್ತುಕೊಂಡು ಹೋದರು. ಜೆರೆಮಿ ಮೇಲೆ ಬಂದು ಅಗಾತ್‌ಳ ನೆತ್ತಿಗೆ ಮುತ್ತು ಕೊಟ್ಟ, ನನ್ನ ಕೆನ್ನೆಗೂ ಕೊಡಲೋ ಬೇಡವೋ ಎಂದು ಒಂದು ಗಳಿಗೆ ನಿಂತ, ಹೋದ.

ಜುಲೈ 3, ಗುರುವಾರ

ಅಗಾತ್ ತೆವಳಿದಳು.

ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂರಿಸಿ ಬಟ್ಟೆ ಮಡಚುತ್ತಿದ್ದೆ. ಮೊದಲು ಹಿಂದಕ್ಕೆ ಸರಿದಳು, ಸಿಟ್ಟು ಮಾಡಿಕೊಂಡಳು, ಆಮೇಲೆ ಒಂದು ಮಂಡಿ, ಇನ್ನೊಂದು ಮಂಡಿ. ನೆಲದ ವಾಲು ಅವಳಿಗೆ ಅನುಕೂಲವಾಯಿತು. ಕಮಾನು ದಾಟಿ ಹೋದಳು. ಸೋಫಾ ಇದ್ದ ಜಾಗಕ್ಕೆ ಹೋಗಿ ಕೂತಳು. ಅಲ್ಲಿ ಏನೂ ಇಲ್ಲ. ಬೀದಿಯ ಕಡೆ ನೋಡಿದಳು, ನನ್ನ ಕಡೆ ತಿರುಗಿದಳು.

“ಶನಿವಾರ” ಎಂದೆ. ಇಷ್ಟು ಸಣ್ಣ ಮಗುವಿಗೆ ಶನಿವಾರ ಎಂದರೇನು!

ಫೋನ್ ಕೈಗೆತ್ತಿಕೊಂಡೆ. ಅವನಿಗೆ ಹೇಳೋಣವೆಂದು ಹೆಸರು ಒತ್ತುವಷ್ಟರಲ್ಲಿ ಯಾಕೆ ಹೇಳಬೇಕು ಅನ್ನಿಸಿತು. ಶನಿವಾರ ಅವನ ಹೊಸ ಮನೆಯಲ್ಲಿ ಇವಳು ತೆವಳುತ್ತಾಳೆ, ಅವನು ಕುಣಿದಾಡಿಕೊಂಡು ನನಗೆ ಫೋನ್ ಮಾಡುತ್ತಾನೆ, ಮೊದಲ ಸಲ ಒಡೀಲ್, ಮೊದಲ ಸಲ! ಆಗ, ಇಲ್ಲ, ಇಲ್ಲೇ ತೆವಳಿದ್ದು, ಗುರುವಾರವೇ, ನೀನು ಇರಲಿಲ್ಲ ಎನ್ನಬಹುದು. ಮಾತು ತಯಾರಾಗಿದೆ. ನಾಲಿಗೆಯ ತುದಿಯಲ್ಲಿ ಸಿಹಿಯಾಗಿಯೇ ಇದೆ. ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.

ಎತ್ತಿಕೊಳ್ಳಲು ಹೋದೆ. ತೋಳು ಚಾಚಲಿಲ್ಲ, ಅಲ್ಲಿಂದ ಏಳಲೊಲ್ಲಳು. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ, ಗೋಡೆಗೆ ಒರಗಿ, ಅವನು ತಲೆ ಇಡುತ್ತಿದ್ದ ಕಡೆ. ಕಿಟಕಿಯಿಂದ ಗಾಳಿ ಬರುತ್ತಿತ್ತು.

ಇಲ್ಲಿಂದ ನಮ್ಮ ಕೋಣೆ ಹಗಲಿನಲ್ಲೂ ಕಪ್ಪಗೆ ಕಾಣುತ್ತದೆ. ಈಗ ಅಡ್ಡ ಏನೂ ಇಲ್ಲ, ಆದರೂ ತೊಟ್ಟಿಲು ಎಲ್ಲಿದೆ ಎಂದು ಹುಡುಕಬೇಕಾಯಿತು.